ಮೈಲೇಜ್ ಇಳಿದದ್ದು ಎಥೆನಾಲ್‌ನಿಂದಲೋ, ಟಿನ್ ಫ್ಯಾಕ್ಟರಿ ಜಾಮ್‌ನಿಂದಲೋ? ಬೈಕ್ ಸವಾರರ ಜೇಬಿನ ಲೆಕ್ಕ ಇಲ್ಲಿದೆ

ಕೆ.ಆರ್. ಪುರ: "ಮೊದಲು ಲೀಟರಿಗೆ ಐವತ್ತು ಕೊಡ್ತಿತ್ತು, ಈಗ ನಲವತ್ತು ಬಂದ್ರೆ ಹೆಚ್ಚು." ಕೆ.ಆರ್. ಪುರ ಸಂತೆಯ ಟೀ ಅಂಗಡಿಯಿಂದ ಶಿವಾಜಿನಗರದ ಗುಜರಿ ಸಾಲಿನವರೆಗೆ ಬೈಕ್ ಇಟ್ಟವರ ಬಾಯಲ್ಲಿ ಈಗ ಇದೇ ಮಾತು. ಎಲ್ಲರೂ ಬೆರಳು ತೋರಿಸೋದು ಒಂದೇ ಕಡೆ, ಪೆಟ್ರೋಲ್‌ಗೆ ಬೆರೆಸಿರುವ ಎಥೆನಾಲ್ ಕಡೆ. ಈ ದೂರಿನಲ್ಲಿ ಹುರುಳಿಲ್ಲ ಅಂತೇನಿಲ್ಲ. ಆದರೆ ಹತ್ತು ಕಿ.ಮೀ. ಮೈಲೇಜ್ ಇಳಿದಿದ್ದರೆ ಅದರಲ್ಲಿ ಎಥೆನಾಲ್ ಪಾಲೆಷ್ಟು, ರಸ್ತೆಯ ಪಾಲೆಷ್ಟು, ನಮ್ಮ ಗಾಡಿಯ ಪಾಲೆಷ್ಟು ಅಂತ ಬಿಡಿಸಿ ನೋಡಬೇಕು. ಇಲ್ಲದಿದ್ದರೆ ಜೇಬಿಗೆ ಬೀಳ್ತಿರುವ ಕತ್ತರಿ ನಿಲ್ಲೋದಿಲ್ಲ.

ಎಥೆನಾಲ್ ಖಾತೆಗೆ ಎಷ್ಟು?

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ಅಂದರೆ ಇ-20, ಮೊದಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಲ್ಲೇ. 2023ರ ಫೆಬ್ರವರಿ 6ರಂದು ಇಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟರು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಬೇರೆ ಪೆಟ್ರೋಲ್ ಆಯ್ಕೆಯೂ ಬೇಕು ಅಂತ ಸುಪ್ರೀಂ ಕೋರ್ಟ್‌ಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತೆ. 2022ರ ಹೊತ್ತಿಗೇ ನಾವು ಶೇ 10 ಎಥೆನಾಲ್ ಇದ್ದ ಪೆಟ್ರೋಲ್ ಹಾಕಿಸ್ತಿದ್ದೆವು. ಶೇ 10ರಿಂದ 20ಕ್ಕೆ ಹೋದಾಗ ಕಡಿಮೆಯಾಗುವ ಶಕ್ತಿ ಶೇ 3ರಿಂದ 4ರ ಆಸುಪಾಸು. ನೀತಿ ಆಯೋಗದ 2021ರ ವರದಿ ಕೂಡ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದು ಅಂತ ಹೇಳಿತ್ತು. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯಲ್ಲಿ ಇ-20ಗೆ ಹೊಂದಿಸಿದ ವಾಹನಗಳಿಗೆ ಶೇ 1–2, ಉಳಿದವಕ್ಕೆ ಶೇ 3–6 ಅಂತಿದೆ.

ಅಂದರೆ 50 ಕೊಡ್ತಿದ್ದ ಗಾಡಿ ಎಥೆನಾಲ್ ಕಾರಣಕ್ಕೆ 48ಕ್ಕೆ, ತೀರಾ ಹೆಚ್ಚೆಂದರೆ 47ಕ್ಕೆ ಇಳಿಯಬಹುದು. ಅದು 40ಕ್ಕೆ ಬಂದಿದೆ ಅಂದರೆ ಮಿಕ್ಕ ಏಳೆಂಟು ಕಿ.ಮೀ. ಬೇರೆಲ್ಲೋ ಸೋರಿ ಹೋಗ್ತಿದೆ ಅಂತ ಅರ್ಥ.

ರಸ್ತೆ ಖಾತೆಗೆ ಎಷ್ಟು?

ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಸುಮಾರು 12 ಕಿ.ಮೀ. ತೂಗುಸೇತುವೆ, ಟಿನ್ ಫ್ಯಾಕ್ಟರಿ, ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಇಂದಿರಾನಗರದ ತಿರುವುಗಳು, ಹಲಸೂರು. ಬೆಳಗ್ಗೆ ಒಂಬತ್ತಕ್ಕೆ ಹೊರಟವರಿಗೆ ಈ ದಾರಿಯಲ್ಲಿ ಟಾಪ್ ಗೇರ್ ಹಾಕೋ ಯೋಗ ಎಷ್ಟು ಸಲ ಬರುತ್ತೆ? ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ 18 ಕಿ.ಮೀ. ಕೂಡ ಇಲ್ಲ.

ಕಂಪನಿ ಹೇಳುವ ಮೈಲೇಜ್ ಲ್ಯಾಬಿನಲ್ಲಿ ನಿಗದಿತ ವೇಗದ ಕ್ರಮದಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಅಡ್ಡ ಬರುವ ಆಟೋ ಇಲ್ಲ, ಬಿಎಂಟಿಸಿ ಬಸ್ಸಿನ ಹಿಂದೆ ಕಾಯೋದಿಲ್ಲ, ಮೆಟ್ರೊ ಕಾಮಗಾರಿಯ ಧೂಳೂ ಇಲ್ಲ. ಗಾಡಿ ನಿಂತಿದ್ದಾಗ ಎಂಜಿನ್ ಆನ್ ಇದ್ದರೆ ಮೈಲೇಜ್ ಸೊನ್ನೆ. ನಿಂತಲ್ಲಿಂದ ಎಳೆಯೋದಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ಎಳೆದ ಮೂವತ್ತೇ ಅಡಿಗೆ ಬ್ರೇಕ್ ಹಿಡಿದರೆ ಆ ಪೆಟ್ರೋಲ್ ಬ್ರೇಕ್ ಶೂಗಳ ಬಿಸಿಯಾಗಿ ಹೋಗುತ್ತೆ. ಜಾಮಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು ತೆವಳುವ ಅಭ್ಯಾಸ ಇದ್ದರಂತೂ ಪೆಟ್ರೋಲ್ ಜೊತೆ ಕ್ಲಚ್ ಪ್ಲೇಟೂ ಸವೆಯುತ್ತೆ.

ತಿಂಗಳ ಲೆಕ್ಕ

ರಾಜ್ಯ ಸರ್ಕಾರ 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದ ಮೇಲೆ ನಗರದಲ್ಲಿ ದರ 102 ರೂ. ದಾಟಿತು. ಸುಲಭವಾಗಲಿ ಅಂತ ಲೀಟರಿಗೆ 103 ರೂ. ಹಿಡಿಯೋಣ.

ದಿನಕ್ಕೆ ಹೋಗಿ ಬಂದು 25 ಕಿ.ಮೀ., ತಿಂಗಳಿಗೆ 26 ದಿನ, ಒಟ್ಟು 650 ಕಿ.ಮೀ. ಓಡಿಸುವವರು:
ಲೀಟರಿಗೆ 50 ಕಿ.ಮೀ. ಬಂದರೆ ತಿಂಗಳಿಗೆ 1,339 ರೂ.
48 ಬಂದರೆ 1,395 ರೂ.
40 ಬಂದರೆ 1,674 ರೂ.

ಅಂದರೆ ಎಥೆನಾಲ್ ಖಾತೆಗೆ ತಿಂಗಳಿಗೆ 56 ರೂ. ಹೋದರೆ, ಜಾಮ್ ಮತ್ತು ಗಾಡಿಯ ಖಾತೆಗೆ 279 ರೂ. ವರ್ಷಕ್ಕೆ ಒಟ್ಟು ನಾಲ್ಕು ಸಾವಿರ ರೂ. ಚಿಲ್ಲರೆ.

ಇದು ಕೆಲಸಕ್ಕೆ ಹೋಗಿ ಬರುವವರ ಮಾತು. ದಿನಕ್ಕೆ ನೂರು ಕಿ.ಮೀ. ಓಡಿಸುವ ಡೆಲಿವರಿ ಹುಡುಗರಿಗೆ 50 ಬಂದರೆ ತಿಂಗಳಿಗೆ 5,356 ರೂ., 40 ಬಂದರೆ 6,695 ರೂ. ಅಲ್ಲಿಗೆ 1,339 ರೂ. ವ್ಯತ್ಯಾಸ. ಮೇಲಿನ ಸವಾರರ ಇಡೀ ತಿಂಗಳ ಪೆಟ್ರೋಲ್ ಖರ್ಚಿನಷ್ಟೇ ಇದು! ಅಂಗಡಿಗೆ ಎರಡು ಮೂರು ಗಾಡಿ ಇಟ್ಟು ಮಾಲು ಕಳಿಸುವ ಹಲಸೂರು, ಶಿವಾಜಿನಗರದ ವ್ಯಾಪಾರಿಗಳು ಇದನ್ನು ತಮ್ಮ ಗಾಡಿಗಳ ಲೆಕ್ಕಕ್ಕೆ ಗುಣಿಸಿ ನೋಡಲಿ.

ಸರ್ಕಾರ ಕೊಡಬೇಕಾದ ಉತ್ತರ

ಹಾಗಂತ 56 ರೂಪಾಯಿಯನ್ನು ಮಾಫಿ ಮಾಡಿಬಿಡಬೇಕು ಅಂತಲ್ಲ. ಎಥೆನಾಲ್‌ಗೆ ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ರೈತರಿಗೆ ಮಾರುಕಟ್ಟೆ ಸಿಗುತ್ತೆ, ಕಚ್ಚಾ ತೈಲದ ಆಮದು ಖರ್ಚು ಇಳಿಯುತ್ತೆ ಅನ್ನೋದು ಸರ್ಕಾರದ ವಾದ. ಅದು ಸುಳ್ಳಲ್ಲ. ಆದರೆ ಶಕ್ತಿ ಕಡಿಮೆ ಇರುವ ಇಂಧನದ ಬೆಲೆಯೂ ಕಡಿಮೆ ಇರಬೇಕು ಅಂತ ಅದೇ ನೀತಿ ಆಯೋಗದ ವರದಿ ಹೇಳಿತ್ತು. ಅದಾಗಲಿಲ್ಲ. ವರದಿ ಬರೆದಾಗ ಎಥೆನಾಲ್ ಅಗ್ಗವಾಗಿತ್ತು, ಈಗ ಖರೀದಿ ದರವೇ ಸರಾಸರಿ ಲೀಟರಿಗೆ 71.32 ರೂ. ಆಗಿದೆ ಅಂತ ಸಚಿವಾಲಯ 2025ರಲ್ಲಿ ಉತ್ತರ ಕೊಟ್ಟಿತು. ಹಾಗಿದ್ದರೆ ಮೈಲೇಜ್ ನಷ್ಟವನ್ನು ಯಾರು ಹೊರಬೇಕು? ಸದ್ಯಕ್ಕೆ ಹೊರುತ್ತಿರೋದು ಸವಾರನೇ.

ಹಳೇ ಗಾಡಿ ಇಟ್ಟವರಿಗೆ ಇನ್ನೊಂದು ಮಾತು. ಹಳೆಯ ಕೆಲವು ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಸಚಿವಾಲಯವೇ ಒಪ್ಪಿದೆ. ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯಾ ಅಂತ ಕೇಳಿ ನೋಡಿಸಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ, ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ವಾಷರ್ ಸರಿ ಇರಲಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿಡಬೇಡಿ.

ದೂರೋ ಮೊದಲು ಅಳೆಯಿರಿ

ಮೀಟರಿನ ಮುಳ್ಳು ನೋಡಿ ಮೈಲೇಜ್ ಹೇಳೋಕೆ ಆಗಲ್ಲ. ನೂರು ರೂಪಾಯಿಗೆ ಹಾಕಿಸಿ ಎಷ್ಟು ಓಡ್ತು ಅನ್ನೋದೂ ಸರಿಯಾದ ಲೆಕ್ಕ ಅಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಗನ್ ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಇನ್ನೂರು ಕಿ.ಮೀ. ಓಡಿಸಿ ಅದೇ ಬಂಕ್‌ನಲ್ಲಿ ಗಾಡಿಯನ್ನು ಅದೇ ರೀತಿ ನಿಲ್ಲಿಸಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿ.ಮೀ. ಭಾಗಿಸು ಎರಡನೇ ಸಲ ಹಿಡಿದ ಲೀಟರ್: ಇದೇ ನಿಮ್ಮ ಮೈಲೇಜ್. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಬಂಕ್ ಮೇಲೇ ಅನುಮಾನ ಇದ್ದರೆ ಜಗಳ ಬೇಡ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಲೇಬೇಕು. ಅದರಲ್ಲಿ ಅಳೆದು ತೋರಿಸಿ ಅಂತ ಕೇಳೋ ಹಕ್ಕು ಗ್ರಾಹಕರಿಗಿದೆ. 5 ಲೀಟರಿಗೆ 25 ಮಿಲಿ ಲೀಟರ್ ಒಳಗಿನ ವ್ಯತ್ಯಾಸಕ್ಕೆ ಮಾತ್ರ ರಿಯಾಯಿತಿ.

ಆಮೇಲೆ ನಮ್ಮ ಕೈಲಿರುವ ಕೆಲಸ. ವಾರಕ್ಕೊಮ್ಮೆ ಟೈರ್ ಗಾಳಿ, ಹೊತ್ತಿಗೆ ಸರಿಯಾಗಿ ಚೈನ್‌ಗೆ ಎಣ್ಣೆ, ಧೂಳು ಹಿಡಿದ ಏರ್ ಫಿಲ್ಟರ್ ಬದಲಾವಣೆ. ಚಕ್ರ ಎತ್ತಿ ತಿರುಗಿಸಿದಾಗ ಬ್ರೇಕ್ ಹಿಡಿಯುತ್ತಿದ್ದರೆ ಸಡಿಲ ಮಾಡಿಸಿ. ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಬಾಕಿ ಕಂಡರೆ ಎಂಜಿನ್ ಆಫ್ ಮಾಡಿ. ದಿನಾ ಒಂದೇ ಕಡೆ ಹೋಗಿ ಬರುವವರಿಗೆ 2023ರ ಅಕ್ಟೋಬರ್ 9ರಿಂದ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವೆಯೂ ಮೆಟ್ರೊ ಇದೆ. ಆದರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂ.ಗೆ ಏರಿದ ಮೇಲೆ, 50 ಮೈಲೇಜ್ ಕೊಡುವ ಬೈಕ್ ಮುಂದೆ ಅದು ಬರೀ ಪೆಟ್ರೋಲ್ ಲೆಕ್ಕದಲ್ಲಿ ಅಗ್ಗ ಅನ್ನಿಸೋದು ಕಷ್ಟ.

ಹೊಸಕೋಟೆ ದಾಟಿ ಹೋಗುವವರಿಗೆ

ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರ, ಮುಳಬಾಗಿಲು, ಚೆನ್ನೈ ಕಡೆ ಹೋಗುವವರು ಟ್ಯಾಂಕ್ ಸೈಜಿಗೆ ಕಂಪನಿ ಮೈಲೇಜ್ ಗುಣಿಸಿ ಹೊರಡಬೇಡಿ. ಟ್ಯಾಂಕಿನಲ್ಲಿ ಒಂದು ಲೀಟರ್ ಇಲ್ಲ ಅಂತಲೇ ಅಂದುಕೊಳ್ಳಿ, ಮಿಕ್ಕಿದ್ದಕ್ಕೆ ನೀವೇ ಅಳೆದ ಮೈಲೇಜ್ ಗುಣಿಸಿ. 5.3 ಲೀಟರ್ ಟ್ಯಾಂಕಿನ ಆಕ್ಟಿವಾ 40 ಕೊಟ್ಟರೆ ಸುಮಾರು 170 ಕಿ.ಮೀ. 9.8 ಲೀಟರಿನ ಸ್ಪ್ಲೆಂಡರ್ 50 ಕೊಟ್ಟರೆ 440. 13 ಲೀಟರಿನ ಕ್ಲಾಸಿಕ್ 350 ಗಾಡಿ 32 ಕೊಟ್ಟರೆ 384.

ಹೆದ್ದಾರಿಯಲ್ಲಿ ಬ್ರೇಕ್ ಕಡಿಮೆ, ಮೈಲೇಜ್ ಏರಬೇಕು. ಏರುತ್ತೆ ಕೂಡ, ವೇಗ ಹಿಡಿತದಲ್ಲಿದ್ದರೆ. ಗಂಟೆಗೆ 50ರಲ್ಲಿ ಹೋಗುವಾಗ ಇದ್ದ ಗಾಳಿಯ ತಡೆ 80ಕ್ಕೆ ಏರಿದಾಗ ಎರಡೂವರೆ ಪಟ್ಟಾಗುತ್ತೆ. ಹಿಂದೆ ಒಬ್ಬರು, ಪಕ್ಕದಲ್ಲಿ ಬ್ಯಾಗು ಇದ್ದರೆ ಇನ್ನೂ ಇಳಿಯುತ್ತೆ. ಮೈಸೂರು ಕಡೆ ಹೋಗುವವರಿಗೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕ್‌ಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರಿಗೂ ನಿಂತು ಹೋಗಬೇಕು, ಹಾಗಾಗಿ ಅಲ್ಲಿಗೆ ಸಿಟಿ ಮೈಲೇಜನ್ನೇ ಹಿಡಿದುಕೊಳ್ಳಿ.

ಎಥೆನಾಲ್ ಬಗ್ಗೆ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ ಬೆಲೆಯದ್ದು, ಅದನ್ನು ಕೇಳೋಣ. ಟಿನ್ ಫ್ಯಾಕ್ಟರಿ ಜಾಮ್ ಬಗ್ಗೆ ಪಾಲಿಕೆ ಮತ್ತು ಸಂಚಾರ ಪೊಲೀಸರನ್ನು ಕೇಳಬೇಕಾದದ್ದು ಅದಕ್ಕಿಂತ ದೊಡ್ಡದು. ಯಾಕಂದರೆ ಜೇಬಿನಿಂದ ಹೆಚ್ಚು ಹೋಗ್ತಿರೋದು ಅಲ್ಲೇ. ಕೇಳೋಕೆ ಹೋಗುವಾಗ ಮೂರು ಟ್ಯಾಂಕಿನ ಲೆಕ್ಕ ಬರೆದ ಚೀಟಿ ಜೇಬಲ್ಲಿರಲಿ. ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.