49ನೆಯ ಪುಟ

ನಮ್ಮ ಕಡೆಯ ಮದುವೆಮನೆಗಳಲ್ಲಿ ಅಡುಗೆಯವರ ಜೊತೆ ಮಾತಾಗುವುದು ಎಲೆ ಲೆಕ್ಕದಲ್ಲಿ. 300 ಎಲೆ ಎಂದು ಒಪ್ಪಿ, ಊಟಕ್ಕೆ 340 ಮಂದಿ ಕೂತರೆ, ಕಡೆಯ ಪಂಕ್ತಿ ಎದ್ದ ಮೇಲೆ ಹುಡುಗಿಯ ಸೋದರಮಾವನೂ ಅಡುಗೆ ಭಟ್ಟರೂ ಒಂದು ಮೂಲೆಯಲ್ಲಿ ನಿಂತು ಎಣಿಕೆ ತಾಳೆ ನೋಡುತ್ತಾರೆ. 40 ಎಲೆಯ ದುಡ್ಡು ಬೇರೆ ಸೇರುತ್ತದೆ. ಅದರಲ್ಲಿ ಮುನಿಸೂ ಇಲ್ಲ, ಮುಜುಗರವೂ ಇಲ್ಲ. ಭಟ್ಟರಿಗೆ ದುಡ್ಡಿನಾಸೆ ಎಂದು ಯಾರೂ ಆಡಿಕೊಳ್ಳುವುದಿಲ್ಲ.

ಇಷ್ಟು ನ್ಯಾಯ ತಿಳಿದ ನಾವೇ ಅನುವಾದಕರಿಗೆ, ಫೋಟೊ ತೆಗೆಯುವವರಿಗೆ, ಪುಟ ಕಟ್ಟುವವರಿಗೆ ಮಾತಿಗಿಂತ ಹೆಚ್ಚು ಕೆಲಸ ಹಚ್ಚಿದಾಗ ಎಣಿಕೆಯನ್ನೇ ಮರೆಯುತ್ತೇವೆ. ಮರೆತವರಲ್ಲಿ ನಾನೂ ಒಬ್ಬ.

ದುಬೈನ ಮಿರ್ದಿಫ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಪುತ್ತೂರು ಕಡೆಯ ಹೆಣ್ಣುಮಗಳೊಬ್ಬರಿದ್ದಾರೆ. ಗಂಡನ ವೀಸಾದ ಮೇಲಿದ್ದು, ಸ್ವಂತ ಫ್ರೀಲಾನ್ಸ್ ಪರವಾನಗಿ ಮಾಡಿಸಿಕೊಂಡು ಪುಟವಿನ್ಯಾಸ ಮಾಡುತ್ತಾರೆ. ಮಗುವನ್ನು ಶಾಲೆಗೆ ಕಳಿಸಿದ ಮೇಲೆ ಊಟದ ಮೇಜೇ ಅವರ ಆಫೀಸು. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ವಿಮಾನ ತಲೆಯ ಮೇಲೆ ಹಾದಾಗ ಫೋನಿನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಸದ್ದು ದಾಟಿದ ಮೇಲೆ ಮುಂದುವರಿಯುತ್ತದೆ. ಎರಡು ವರ್ಷದ ಹಿಂದೆ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕೆಲಸವನ್ನು ಅವರಿಗೆ ಕೊಟ್ಟೆವು. ಮಾತಾಡಿದವನು ನಾನೇ: 48 ಪುಟ, 2,400 ದಿರ್ಹಂ.

ಆಮೇಲೆ ಲೇಖನಗಳು ಬರತೊಡಗಿದವು. ಕೆಲವು ‘ನುಡಿ’ ತಂತ್ರಾಂಶದಲ್ಲಿ, ಕೆಲವು ‘ಬರಹ’ದಲ್ಲಿ. ಇನ್ನು ಕೆಲವು ಕೈಬರಹದ ಹಾಳೆಯ ಫೋಟೊ ಆಗಿ ವಾಟ್ಸಾಪಿನಲ್ಲಿ. ‘ಅಣ್ಣ, ನುಡಿಯಲ್ಲಿ ಇದ್ದದ್ದನ್ನು ಯೂನಿಕೋಡ್ ಮಾಡಿದ್ರೆ ಅರ್ಕಾವತ್ತೆಲ್ಲ ಎಲ್ಲೆಲ್ಲೋ ಹೋಗ್ತದೆ. ಒಂದೊಂದೇ ಸಾಲು ನೋಡ್ಬೇಕು’ ಎಂದರು. ‘ಹಾಗೇ ಸ್ವಲ್ಪ ನೋಡಿಬಿಡಿ’ ಎಂದೆ. ನಂತರ ಜಾಹೀರಾತು ಹೆಚ್ಚಾದವು, ಮಕ್ಕಳ ಚಿತ್ರಗಳು ಸೇರಿದವು, ಅಧ್ಯಕ್ಷರ ಮಾತು ಎರಡು ಸಲ ಬದಲಾಯಿತು. ಸಂಚಿಕೆ 76 ಪುಟವಾಯಿತು. ಪ್ರತಿ ಸಲವೂ ನನ್ನ ಬಾಯಲ್ಲಿ ಅದೇ ‘ಹಾಗೇ’, ಅವರ ಬಾಯಲ್ಲಿ ಅದೇ ‘ಪರ್ವಾಗಿಲ್ಲ ಅಣ್ಣ’. ಬಿಡುಗಡೆಯ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದೆವು. ಕೈಗೆ ಕೊಟ್ಟದ್ದು 2,400 ದಿರ್ಹಂ. ಪುಟಕ್ಕೆ 50ರಂತೆ ನೋಡಿದರೂ 1,400 ದಿರ್ಹಂ ಬಾಕಿ. ಟೈಪು ಮಾಡಿದ್ದು, ತಿದ್ದಿದ್ದು ಲೆಕ್ಕಕ್ಕೇ ಬರಲಿಲ್ಲ. ಅದು ನನಗೆ ಹೊಳೆದದ್ದು ಆ ಶಾಲನ್ನು ಅವರ ಮನೆಯಲ್ಲಿ ಕಂಪ್ಯೂಟರಿಗೆ ಧೂಳು ಬೀಳದಂತೆ ಹೊದಿಸಿದ್ದು ಕಂಡಾಗ.

ಒಪ್ಪಂದ ಅಂದರೆ ಒಪ್ಪಂದ, ನಷ್ಟವಾದರೆ ಹಿಡಿದವರ ಪಾಡು ಎಂಬ ವಾದ ಉಂಟು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಮೊದಲು ಕಡಿಮೆ ಹೇಳಿ ಕೆಲಸ ಹಿಡಿದು, ಆಮೇಲೆ ಒಂದೊಂದಕ್ಕೂ ಬಿಲ್ಲು ಏರಿಸುವವರನ್ನು ಮನೆ ಕಟ್ಟಿಸಿದವರೆಲ್ಲ ಕಂಡಿರುತ್ತಾರೆ. ಆದ್ದರಿಂದ ಹೆಚ್ಚುವರಿ ಕೆಲಸವನ್ನೆಲ್ಲ ಒಂದೇ ಬುಟ್ಟಿಗೆ ಹಾಕಬಾರದು. ಮುಖಪುಟ ಒಂದು ದಿನದಲ್ಲಿ ಮುಗಿದೀತು ಎಂದುಕೊಂಡದ್ದು ನಾಲ್ಕು ದಿನ ಹಿಡಿದರೆ ಅದು ವಿನ್ಯಾಸಕಾರರ ಅಂದಾಜಿನ ತಪ್ಪು. ತಮ್ಮದೇ ತಪ್ಪು ತಿದ್ದಿದ್ದಕ್ಕೂ ದುಡ್ಡು ಕೇಳುವಂತಿಲ್ಲ. ಕೆಲಸ ಕೊಟ್ಟವರು ಮನಸ್ಸು ಬದಲಿಸಿದರೆ, 28 ಪುಟ ಸೇರಿಸಿದರೆ, ಅದರ ದುಡ್ಡು ಪೂರ್ತಿ ಅವರದೇ ಹೊಣೆ. ಇವೆರಡರ ನಡುವೆ ಇನ್ನೊಂದು ಬಗೆಯಿದೆ: ಇಬ್ಬರಿಗೂ ಮೊದಲು ತಿಳಿಯದೆ ಎದುರಾಗುವ ಕೆಲಸ. ಅಕ್ಷರ ಒಡೆದ ಲೇಖನಗಳು ಆ ಬಗೆಯವು. ಅದನ್ನು ಹಂಚಿಕೊಳ್ಳಬೇಕು. ಹಂಚಿಕೊಳ್ಳಬೇಕಾದರೆ ಕಂಡ ದಿನವೇ ಬಾಯಿಬಿಡಬೇಕು.

ಕಾನೂನು ಬಲ್ಲವರೂ ಇದನ್ನೇ ಹೇಳಿದ್ದಾರೆ. ಎಮಿರೇಟ್ಸ್‌ನ 1985ರ ಸಿವಿಲ್ ಸಂಹಿತೆಯಲ್ಲಿ ಇಂಥ ಗುತ್ತಿಗೆ ಕೆಲಸಕ್ಕೆ ‘ಮುಕಾವಲಾ’ ಎಂದು ಹೆಸರಿತ್ತು. ಅದು ಹೇಳಿದ್ದು ಇಷ್ಟು: ಒಪ್ಪಿದ ನಕ್ಷೆಗೆ ಇಡಿಯಾಗಿ ಮೊತ್ತ ಗೊತ್ತುಮಾಡಿದ್ದರೆ ಗುತ್ತಿಗೆದಾರ ಹೆಚ್ಚು ಕೇಳುವಂತಿಲ್ಲ. ಮಾಲೀಕನ ಒಪ್ಪಿಗೆಯಿಂದ ನಕ್ಷೆ ಬದಲಾದರೆ ಆ ಬದಲಾವಣೆಗೆ ಅವರಿಬ್ಬರು ಒಪ್ಪಿದ ಲೆಕ್ಕ ನಡೆಯಬೇಕು. ಬಿಡಿ ದರಗಳ ಅಂದಾಜಿನ ಮೇಲೆ ನಡೆಯುವ ಕೆಲಸ ಅಂದಾಜನ್ನು ಬಹಳ ಮೀರುವುದಾದರೆ ಗುತ್ತಿಗೆದಾರ ಕೂಡಲೇ ತಿಳಿಸಬೇಕು. ಸುಮ್ಮನಿದ್ದರೆ ಹೆಚ್ಚಿನ ಖರ್ಚು ಕೇಳುವ ಹಕ್ಕೇ ಹೋಗುತ್ತದೆ. ನಮ್ಮ ದೇಶದ 1872ರ ಕರಾರು ಕಾಯಿದೆಯ 70ನೆಯ ಕಲಮು ಇನ್ನೊಂದು ಕಡೆಯಿಂದ ನೋಡುತ್ತದೆ: ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಪರಿಹಾರ ಕೊಡಬೇಕು. 1944ರಲ್ಲಿ ಬಂಗಾಳದ ಆರಾಮ್‌ಬಾಗ್‌ನಲ್ಲಿ ಅಧಿಕಾರಿಗಳು ಹೇಳಿದರೆಂದು ಗುತ್ತಿಗೆದಾರರು ಕಚ್ಚಾ ರಸ್ತೆ, ಕಾವಲು ಕೋಣೆ, ಅಡುಗೆಮನೆ ಕಟ್ಟಿಕೊಟ್ಟರು. ಕ್ರಮಬದ್ಧ ಕರಾರು ಇಲ್ಲವೆಂದು ಸರ್ಕಾರ ದುಡ್ಡು ತಡೆಯಿತು. ಬಿ.ಕೆ. ಮೊಂಡಲ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ, ಕಟ್ಟಿದ್ದನ್ನು ಬಳಸಿಕೊಂಡ ಮೇಲೆ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1961ರ ಡಿಸೆಂಬರಿನಲ್ಲಿ. ನ್ಯಾಯ ಸಿಕ್ಕಿತು, 17 ವರ್ಷದ ಮೇಲೆ. 1,400 ದಿರ್ಹಮಿಗಾಗಿ ಯಾರು ಅಷ್ಟು ಕಾಯುತ್ತಾರೆ?

ಸಂಬಳದವರಿಗಾದರೆ ಇಲ್ಲಿಯ ಕಾರ್ಮಿಕ ಕಾಯಿದೆ ಹೆಚ್ಚುವರಿ ಗಂಟೆಗೆ ಶೇ. 25, ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ಶೇ. 50 ಹೆಚ್ಚು ಕೊಡಿಸುತ್ತದೆ. ಫ್ರೀಲಾನ್ಸ್ ಮಾಡುವವರ ರಾತ್ರಿಗೆ ಅಂಥ ದರವಿಲ್ಲ. ಅವರಿಗಿರುವುದು ಎದುರಿನವರ ಜೊತೆ ಆಡಿದ ಮಾತು ಮಾತ್ರ. ನಮ್ಮವರ ನಡುವೆ ಆ ಮಾತೇ ಏಳುವುದಿಲ್ಲ. ‘ನಮ್ಮ ಊರಿನವರೇ, ಏನು ಕೇಳ್ತಾರೆ’ ಎಂದು ನಮ್ಮ ಕಮಿಟಿಯಲ್ಲಿ ಒಬ್ಬರು ಅಂದಾಗ ನಾವೆಲ್ಲ ನಕ್ಕಿದ್ದೆವು. ಸಂಕೋಚದವರು ಕೇಳಲಾರರು ಎಂಬ ಭರವಸೆಯ ಮೇಲೆ ನಾವು ಉಳಿತಾಯ ಮಾಡುತ್ತಿದ್ದೆವು ಎನ್ನುವುದು ಆ ನಗೆಯ ಅರ್ಥ. ಅಂಗಡಿಯವನು ನಮ್ಮವನೆಂದು ಅಕ್ಕಿಯ ಎರಡನೆಯ ಚೀಲವನ್ನು ಯಾರೂ ಸುಮ್ಮನೆ ಹೊತ್ತು ತರುವುದಿಲ್ಲ. ಅಕ್ಕಿ ಕಣ್ಣಿಗೆ ಕಾಣುತ್ತದೆ, ಎಲೆಯೂ ಕಾಣುತ್ತದೆ. ರಾತ್ರಿ ಒಂದು ಗಂಟೆಗೆ ಕೂತು ಅರ್ಕಾವತ್ತು ಸರಿಮಾಡಿದ್ದು ಕಾಣುವುದಿಲ್ಲ. ಸರಿಯಾದಷ್ಟೂ ಇನ್ನೂ ಕಾಣದಾಗುತ್ತದೆ.

ಹಾಗಾದರೆ ಕೊನೆಗೆ ಸಂತೋಷದಿಂದ ಏನಾದರೂ ಕೈಗಿಟ್ಟರೆ ಸಾಲದೇ? ಸಾಲದು. ಸಂತೋಷಕ್ಕೆ ಕೊಡುವುದು ಇನಾಮು. ಎಷ್ಟು, ಯಾವಾಗ ಎಂಬುದೆಲ್ಲ ಕೊಡುವವರ ಮರ್ಜಿ, ಪಡೆದವರು ಕೈಮುಗಿಯಬೇಕು. ಹೆಚ್ಚು ಮಾಡಿದ ಕೆಲಸದ ದುಡ್ಡು ಬಾಕಿ. ಅದನ್ನು ಪಡೆಯಲು ಕೈಮುಗಿಯಬೇಕಿಲ್ಲ. ನಾವು ಶಾಲು ಹೊದಿಸಿದ್ದು ತಪ್ಪಲ್ಲ, ಬಾಕಿಯ ಮೇಲೆ ಹೊದಿಸಿದ್ದು ತಪ್ಪು.

ಕಾಣದ ಕೆಲಸಕ್ಕೂ ಒಂದು ಎಲೆ ಹುಡುಕಬೇಕು. ಪುಟ ಎಷ್ಟು, ತಿದ್ದುಪಡಿ ಎಷ್ಟು ಸುತ್ತು, ಲೇಖನ ಯಾವ ರೂಪದಲ್ಲಿ ಬರುತ್ತದೆ, ಮೀರಿದರೆ ಯಾವ ದರ ಎಂದು ನಾಲ್ಕು ಸಾಲು ಬರೆದುಕೊಂಡರೆ ಸಾಕು. ವಕೀಲರೇನೂ ಬೇಡ.

ಕಳೆದ ವರ್ಷ ಹಳೆಯ ಬಾಕಿ ತೀರಿಸಿ, ಆ ನಾಲ್ಕು ಸಾಲು ಬರೆದುಕೊಂಡೇ ಸಂಚಿಕೆಯ ಕೆಲಸ ಶುರುಮಾಡಿದೆವು. ಅಕ್ಟೋಬರಿನ ಒಂದು ಸಂಜೆ ಅವರಿಂದ ಸಂದೇಶ ಬಂತು: ‘ಅಣ್ಣ, ಇನ್ನು 49ನೇ ಪುಟ. ಮುಂದೆ ಪುಟಕ್ಕೆ 50. ಮುಂದುವರಿಸ್ಲಾ?’ ಕಮಿಟಿ ಸೇರಿತು. ಒಂದು ಗಂಟೆಯ ಚರ್ಚೆಯಲ್ಲಿ, ಬಿಡಲಾಗದು ಎಂದುಕೊಂಡಿದ್ದ ಮೂರು ಲೇಖನಗಳನ್ನು ಬಿಡಬಹುದೆಂದು ಕಂಡಿತು. ಅಧ್ಯಕ್ಷರೇ ತಮ್ಮ ಮಾತನ್ನು ಒಂದು ಪುಟಕ್ಕೆ ಇಳಿಸಿದರು. ಮಕ್ಕಳ ಚಿತ್ರಗಳು ಮಾತ್ರ ಇರಲೇಬೇಕು ಎಂದಾಯಿತು. ಅದಕ್ಕೆ ನಾಲ್ಕು ಪುಟ, 200 ದಿರ್ಹಂ. ಖಜಾಂಚಿ ಮರುಮಾತಿಲ್ಲದೆ ಬರೆದುಕೊಂಡರು.