ಇಲ್ಲದ ಪಂದ್ಯಕ್ಕೂ ಒಂದು ನ್ಯಾಯ ಬೇಡವೇ?

ನಮ್ಮ ಮನೆಯ ಗಂಡಸರಿಗೆ ಒಂದು ಚಟವಿದೆ. ಇಸ್ಪೀಟಲ್ಲ, ಎಲೆಯಡಿಕೆಯಲ್ಲ. ಭಾನುವಾರ ಸಂಜೆ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತರೆಂದರೆ, ಎಂದೂ ನಡೆಯದ, ಎಂದೆಂದೂ ನಡೆಯಲಾರದ ಪಂದ್ಯಗಳನ್ನು ಆಡಿಸಲು ಶುರುಮಾಡುತ್ತಾರೆ. ರಾಡ್ ಲೇವರ್‌ಗೂ ಫೆಡರರ್‌ಗೂ ಬಿದ್ದರೆ ಗೆಲ್ಲುವವರು ಯಾರು? ರೂಡಿ ಹಾರ್ಟೊನೊ ಎದುರು ಲಿನ್ ಡಾನ್ ನಿಂತರೆ? ನಮ್ಮ ಪ್ರಕಾಶ್ ಪಡುಕೋಣೆ ಇವತ್ತಿನ ಹುಡುಗರ ಹೊಡೆತ ತಡೆಯಬಲ್ಲರೇ? ಒಬ್ಬರು ಅಂಕ ಎಣಿಸುತ್ತಾರೆ, ಇನ್ನೊಬ್ಬರು ಅಂಪೈರ್ ಆಗುತ್ತಾರೆ, ಮತ್ತೊಬ್ಬರು ಸಿಟ್ಟಾಗಿ ಎದ್ದುಹೋಗುತ್ತಾರೆ. ಎರಡನೇ ಸಲ ಕಾಫಿ ಕೇಳುವ ಹೊತ್ತಿಗೆ ಪಂದ್ಯ ಐದನೇ ಸೆಟ್‌ಗೆ ಬಂದಿರುತ್ತದೆ.

ನನಗೆ ಈ ಚಟದ ಮೇಲೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಒಗ್ಗರಣೆ ಹಾಕುತ್ತಾ ಕಿವಿಯನ್ನು ಅಲ್ಲಿಯೇ ಇಟ್ಟಿರುತ್ತೇನೆ. ಕಾಲೇಜಿನಲ್ಲಿ ಎರಡು ವರ್ಷ ಬಾಲ್ ಬ್ಯಾಡ್ಮಿಂಟನ್ ಆಡಿದವಳು ನಾನು. ಐದೈದು ಜನರ ತಂಡ, ಹಳದಿ ಉಣ್ಣೆಯ ಚೆಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಟ. ಸೀರೆಯ ನೆರಿಗೆ ತುಳಿದು ಬಿದ್ದ ಮಂಡಿಯ ಗುರುತು ಇನ್ನೂ ಇದೆ. ಮಹಾ ಆಟಗಾರ್ತಿಯೇನೂ ಅಲ್ಲ. ಆದರೆ ಅಂಕಣದ ಗೆರೆ ಎಂದರೇನೆಂದು ಗೊತ್ತು.

ಹೀಗಾಗಿ ಒಂದು ಭಾನುವಾರ ಸುಮ್ಮನಿರಲಾರದೆ ಕೇಳಿದೆ. ''ಹೆಂಗಸರ ಪಂದ್ಯ ಆಡಿಸುವುದೇ ಇಲ್ಲವಲ್ಲ, ಯಾಕೆ?''

ಮೈದುನ ನಕ್ಕ. ''ಅದರಲ್ಲಿ ಆಡಿಸುವುದೇನಿದೆ ಅತ್ತಿಗೆ? ಈಗಿನ ಹುಡುಗಿಯರ ಮುಂದೆ ಆಗಿನವರು ನಿಲ್ಲುತ್ತಾರೆಯೇ? ಉದ್ದ ಲಂಗ ಹಾಕಿಕೊಂಡು ಚೆಂಡನ್ನು ಆಚೆಯಿಂದ ಈಚೆಗೆ ದಾಟಿಸುತ್ತಿದ್ದರು, ಅಷ್ಟೇ. ಸಿಂಧುವನ್ನು ಬಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲರನ್ನೂ ಮನೆಗೆ ಕಳಿಸುತ್ತಾಳೆ.''

ಉಳಿದವರು ತಲೆಯಾಡಿಸಿ ಮತ್ತೆ ಪ್ರಕಾಶ್ ಕಡೆಗೆ ಹೊರಳಿದರು. ಆ ಪ್ರಕಾಶ್ ಮಾತಿನಲ್ಲೇ ನನಗೆ ಬೇಕಾದ ಎಳೆ ಸಿಕ್ಕಿತು.

ಪ್ರಕಾಶರ ವಿಷಯಕ್ಕೆ ಬಂದಾಗ ಇದೇ ಜನ ಎಷ್ಟು ನ್ಯಾಯವಾಗಿ ಮಾತಾಡುತ್ತಾರೆ ನೋಡಿ. ''ಪಾಪ, ಅವರಿಗೆ ಸರಿಯಾದ ಕೋರ್ಟ್ ಎಲ್ಲಿತ್ತು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಆಡಿ ಕಲಿತವರು. ಮದುವೆ ಇದ್ದ ದಿನ ಆಟವಿಲ್ಲ. ಅಂಥವರು 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಇವತ್ತಿನ ಸವಲತ್ತು ಕೊಟ್ಟಿದ್ದರೆ ಕೇಳಬೇಕೇ!'' ಎನ್ನುತ್ತಾರೆ. ಸರಿಯಾದ ಮಾತು, ನಾನೂ ಒಪ್ಪುತ್ತೇನೆ. ಗಂಡಸಿನ ಅಡಚಣೆ ಅವನ ಕಿರೀಟಕ್ಕೆ ಇನ್ನೊಂದು ಗರಿಯಾಗುತ್ತದೆ. ಹೆಂಗಸಿನ ಅಡಚಣೆ ಮಾತ್ರ ಅವಳಿಗೆ ಆಡಲು ಬರುತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ! ಇದು ಯಾವ ಲೆಕ್ಕ?

ಆ ಮದುವೆ ಹಾಲನ್ನೇ ತೆಗೆದುಕೊಳ್ಳಿ. ಮದುವೆಯ ದಿನ ಪ್ರಕಾಶರ ಅಭ್ಯಾಸ ನಿಲ್ಲುತ್ತಿತ್ತು, ಚಪ್ಪರ ಬಿಚ್ಚಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಆದರೆ ಅದೇ ಹಾಲಿನ ಹಸೆಮಣೆಯ ಮೇಲೆ ಕೂತ ಹುಡುಗಿಯರಲ್ಲಿ ಯಾರಾದರೂ ಶಟಲ್ ಆಡುವವಳಿದ್ದಿದ್ದರೆ? ಅವಳ ಆಟ ಎಷ್ಟು ದಿನ ನಿಂತಿತು? ನನ್ನದಂತೂ ನಿಂತದ್ದು ಇಪ್ಪತ್ತನೇ ವಯಸ್ಸಿನಲ್ಲಿ. ಯಾರೂ ಬೇಡವೆನ್ನಲಿಲ್ಲ, ಯಾರೂ ಕೇಳಲೂ ಇಲ್ಲ. ರ‍್ಯಾಕೆಟ್ಟು ತವರಿನ ಅಟ್ಟದಲ್ಲಿ ಉಳಿಯಿತು.

ಮೈದುನ ನಕ್ಕ ಆ ಉದ್ದ ಲಂಗದ ಕಥೆಯನ್ನು ಈಗ ಹೇಳುತ್ತೇನೆ. ಕಾಲ ಬೇರೆ ಬೇರೆಯಾದ ಇಬ್ಬರನ್ನು ಎದುರುಬದುರು ನಿಲ್ಲಿಸಲು ಬರೀ ಕಲ್ಪನೆಯೇ ಬೇಕೆಂದಿಲ್ಲ. ಒಮ್ಮೆ ಅದು ನಿಜವಾಗಿಯೇ ನಡೆದುಹೋಗಿದೆ, 1919ರ ವಿಂಬಲ್ಡನ್‌ನಲ್ಲಿ.

ಒಂದು ಕಡೆ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್. ವಯಸ್ಸು 40, ಎರಡು ಮಕ್ಕಳ ತಾಯಿ. 1903ರಿಂದ 1914ರ ಒಳಗೆ ಏಳು ಸಲ ವಿಂಬಲ್ಡನ್ ಗೆದ್ದಿದ್ದವರು, ಅದರಲ್ಲಿ ನಾಲ್ಕು ಮದುವೆಯಾದ ಮೇಲೆ. ಮಹಾಯುದ್ಧದಿಂದಾಗಿ 1915ರಿಂದ 1918ರವರೆಗೆ ವಿಂಬಲ್ಡನ್ನೇ ನಡೆಯಲಿಲ್ಲ. ನಾಲ್ಕು ವರ್ಷ ಹಾಗೆಯೇ ಕಳೆದುಹೋಯಿತು. ಇನ್ನೊಂದು ಕಡೆ ಫ್ರಾನ್ಸಿನ ಸುಜಾನ್ ಲೆಂಗ್ಲೆನ್. ಇಪ್ಪತ್ತು ವರ್ಷ, ವಿಂಬಲ್ಡನ್‌ಗೆ ಬಂದದ್ದು ಅದೇ ಮೊದಲು. ಚೇಂಬರ್ಸ್ ಹಳೆಯ ಪದ್ಧತಿಯ ಉದ್ದ ಲಂಗ, ಉದ್ದ ತೋಳಿನ ರವಿಕೆಯಲ್ಲಿ ಬಂದರು. ಲೆಂಗ್ಲೆನ್ ಮಾತ್ರ ಬಿಗಿಯುವ ಒಳಕವಚವನ್ನು ಕಿತ್ತೆಸೆದು, ಗಿಡ್ಡ ತೋಳಿನ, ಮೀನಖಂಡದವರೆಗಷ್ಟೇ ಬರುವ ತೆಳು ಉಡುಪಿನಲ್ಲಿ ಬಂದು ನಿಂತಾಗ ನೋಡಿದವರು ಹುಬ್ಬೇರಿಸಿದರಂತೆ. ಅವಳು ಚಿಗರೆಯ ಹಾಗೆ ಹಾರಿ ಹೊಡೆಯುವವಳು. ಆಟದ ನಡುವೆ ಅಪ್ಪ ಎಸೆದ, ಬ್ರಾಂಡಿಯಲ್ಲಿ ನೆನೆಸಿದ ಸಕ್ಕರೆ ತುಂಡನ್ನು ಬಾಯಿಗೆ ಹಾಕಿಕೊಂಡಳೆಂಬ ಕಥೆಯೂ ಇದೆ. ನೋಡಲು ಇಂಗ್ಲೆಂಡಿನ ರಾಜ-ರಾಣಿಯೇ ಬಂದು ಕೂತಿದ್ದರು.

ನಮ್ಮ ಮೈದುನನ ಲೆಕ್ಕದಲ್ಲಿ ಇದು ಹತ್ತು ನಿಮಿಷದಲ್ಲಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. 10-8, 4-6, 9-7. ಒಟ್ಟು 44 ಗೇಮ್. ವಿಂಬಲ್ಡನ್ ಹೆಂಗಸರ ಫೈನಲ್‌ನಲ್ಲಿ ಅಷ್ಟು ಉದ್ದದ ಆಟ 1970ರವರೆಗೂ ಮತ್ತೆ ನಡೆಯಲಿಲ್ಲ. ಮೂರನೇ ಸೆಟ್‌ನಲ್ಲಿ 6-5ರಲ್ಲಿ ಮುಂದಿದ್ದ ಚೇಂಬರ್ಸ್‌ಗೆ ಗೆಲ್ಲಲು ಒಂದಲ್ಲ, ಎರಡು ಅವಕಾಶ ಸಿಕ್ಕಿದ್ದವು. ಅದರಲ್ಲೊಂದು ತಪ್ಪಿದ್ದು ಹೇಗೆ ಗೊತ್ತೇ? ಲೆಂಗ್ಲೆನ್ ಓಡಿಬಂದು ಕೈ ಚಾಚಿದಾಗ ಚೆಂಡು ಜಾಲರಿಗಲ್ಲ, ರ‍್ಯಾಕೆಟ್ಟಿನ ಮರದ ಅಂಚಿಗೆ ತಗುಲಿ ನೆಟ್ಟಿನ ಆಚೆಗೆ ಬಿದ್ದುಬಿಟ್ಟಿತು. ಒಂದು ಬೆರಳು ಆಚೀಚೆಯಾಗಿದ್ದರೆ ಕಣಕಾಲಿಗೆ ಸುತ್ತಿಕೊಳ್ಳುವ ಲಂಗದಲ್ಲಿ ಆಡಿದ ನಲವತ್ತರ ತಾಯಿ ಗೆದ್ದಿರುತ್ತಿದ್ದಳು. ಆಗ ನಮ್ಮ ಜಗುಲಿಯ ಪಂಡಿತರು ಏನೆನ್ನುತ್ತಿದ್ದರೋ.

ಮುಂದಿನ ವರ್ಷ ಇಬ್ಬರೂ ಮತ್ತೆ ಎದುರಾದಾಗ ಲೆಂಗ್ಲೆನ್ 6-3, 6-0ರಿಂದ ಸಲೀಸಾಗಿ ಗೆದ್ದದ್ದೂ ನಿಜ. ಅದನ್ನು ಮುಚ್ಚಿಟ್ಟು ವಾದ ಮಾಡುವವಳು ನಾನಲ್ಲ. ಹಳಬರೇ ಗಟ್ಟಿ, ಹೊಸಬರು ಪೊಳ್ಳು ಎನ್ನುವ ಹಟವೂ ನನಗಿಲ್ಲ. ಒರಳಿನಲ್ಲಿ ರುಬ್ಬಿದವರೇ ಹೆಂಗಸರು, ಮಿಕ್ಸಿ ತಿರುಗಿಸುವವರು ಸೋಮಾರಿಗಳು ಎಂಬ ಮಾತನ್ನು ಮದುವೆಯಾದ ಹೊಸದರಲ್ಲಿ ಸಾಕಷ್ಟು ಕೇಳಿದ್ದೇನೆ. ಈಗ ಮಗಳಿಂದ ಅದರ ತಿರುವುಮುರುವನ್ನು ಕೇಳುತ್ತಿದ್ದೇನೆ. ಒಂದು ಒರಳಿಗೂ ಒಂದು ಮಿಕ್ಸಿಗೂ ಪಂದ್ಯವಿಟ್ಟು, ಗೆದ್ದದ್ದು ಸೊಸೆಯೋ ಅತ್ತೆಯೋ ಎಂದು ಕೇಳುವುದಿದೆಯಲ್ಲ, ಆ ಮೋಸ ಬೇಡ ಎನ್ನುತ್ತೇನೆ, ಅಷ್ಟೆ.

ಸಿಂಧುವಿನ ಮಾತು ಬಂತಲ್ಲ, ಅದನ್ನೂ ನೋಡೋಣ. ಸಿಂಧು 2019ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ ಒಕುಹಾರಾರನ್ನು 21-7, 21-7ರಿಂದ ಸೋಲಿಸಿದ್ದನ್ನು ನಾನೂ ಟಿ.ವಿ. ಮುಂದೆ ನಿಂತೇ ನೋಡಿದವಳು. ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಅವರ ಎದುರಿಗೆ ಅಮೆರಿಕಾದ ಜೂಡಿ ಹ್ಯಾಶ್‌ಮನ್ ಅವರನ್ನು ನಿಲ್ಲಿಸಿ. 1954ರಿಂದ 1967ರ ನಡುವೆ ಹತ್ತು ಸಲ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದವರು. ಹಾರ್ಟೊನೊ ಗೆದ್ದದ್ದು ಎಂಟು, ಲಿನ್ ಡಾನ್ ಆರು. ಹತ್ತು ಗೆದ್ದವರ ಹೆಸರನ್ನು ನಮ್ಮ ಜಗುಲಿಯಲ್ಲಿ ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು. ಪಂದ್ಯ ಶುರುಮಾಡುವ ಮೊದಲು ನಾನು ಕೇಳುವುದು ಇಷ್ಟೇ. ಯಾರ ನಿಯಮ?

ಯಾಕೆಂದರೆ ಹ್ಯಾಶ್‌ಮನ್ ಕಾಲದಲ್ಲಿ ಗಂಡಸರ ಗೇಮ್ 15 ಅಂಕಕ್ಕೆ, ಹೆಂಗಸರದು 11ಕ್ಕೆ. ನಡುವೆ ಒಂದು ಪ್ರಯೋಗ ಬಿಟ್ಟರೆ 2006ರವರೆಗೂ ಹೀಗೆಯೇ ಇತ್ತು. ನಾಲ್ಕು ಅಂಕ ಕಡಿಮೆ ಮಾಡಿದ್ದು ಯಾರ ಮೇಲಿನ ಕರುಣೆಯಿಂದ? ಮನೆಯಲ್ಲಿ ನೀರು ಹೊರುವಾಗ, ಹೆರುವಾಗ ಕಾಣಿಸದ ನಮ್ಮ ನಿಶ್ಶಕ್ತಿ ಅಂಕಣದಲ್ಲಿ ಮಾತ್ರ ಕಾಣಿಸಿತೇ? 2006ರಲ್ಲಿ ಇಬ್ಬರಿಗೂ 21 ಎಂದಾಯಿತು, ಹೆಂಗಸರು ಯಾರೂ ಮೂರ್ಛೆ ಹೋಗಲಿಲ್ಲ. ಅಷ್ಟೇ ಅಲ್ಲ, ಹಳೆಯ ನಿಯಮದಲ್ಲಿ ಸರ್ವೀಸ್ ಮಾಡುವವರಿಗೆ ಮಾತ್ರ ಅಂಕ. ಎದುರಾಳಿ ಗೆದ್ದರೆ ಸರ್ವೀಸ್ ಕೈ ಬದಲಾಯಿಸುತ್ತಿತ್ತು, ಅಂಕ ಅಲ್ಲೇ ಇರುತ್ತಿತ್ತು. ತಾಳ್ಮೆಯವರ ಆಟ ಅದು. ಈಗ ಪ್ರತಿ ಸಲವೂ ಯಾರಿಗಾದರೂ ಅಂಕ ಬಿದ್ದೇ ಬೀಳುತ್ತದೆ. ಇದು ರಭಸದವರ ಆಟ. ಸಿಂಧು ಅವರ ಹೊಡೆತ ಹ್ಯಾಶ್‌ಮನ್‌ಗೆ ಕಾಣಿಸುವುದೇ ಕಷ್ಟ, ಒಪ್ಪುತ್ತೇನೆ. ಆದರೆ ಹಳೆಯ ಭಾರದ ರ‍್ಯಾಕೆಟ್ಟನ್ನು ಸಿಂಧುವಿನ ಕೈಗೆ ಕೊಟ್ಟು, ಹಳೆಯ ಲೆಕ್ಕದಲ್ಲಿ ಅಂಕ ಎಣಿಸಿದರೆ? ಒಂದು ಗೇಮ್ ಅತ್ತ, ಒಂದು ಇತ್ತ, ಮೂರನೆಯದಕ್ಕೆ ಕಾಫಿ ಮತ್ತೆ ಬಿಸಿಮಾಡಬೇಕಾಗುತ್ತದೆ.

ಉಡುಪಿನ ಬಗ್ಗೆ ನಗುವವರಿಗೆ ಇನ್ನೂ ಒಂದು ಮಾತು. ಅದು ಅಜ್ಜಿಯರ ಕಾಲದ ಕಥೆ ಎಂದುಕೊಂಡಿರಾ? 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆಯೇ ದೊಡ್ಡ ಟೂರ್ನಿಗಳಲ್ಲಿ ಹೆಂಗಸರು ಸ್ಕರ್ಟ್ ಅಥವಾ ಫ್ರಾಕ್ ಹಾಕಿಕೊಂಡೇ ಆಡಬೇಕು ಎಂದು ನಿಯಮ ತರಲು ಹೊರಟಿತ್ತು. ನೋಡಲು ಚೆನ್ನಾಗಿದ್ದರೆ ಜನ ಬರುತ್ತಾರೆಂಬ ಆಸೆ. ಆಟಗಾರ್ತಿಯರು ಗಲಾಟೆ ಮಾಡಿದ ಮೇಲೆ ಮುಂದೂಡಿ, 2012ರಲ್ಲಿ ಕೈಬಿಟ್ಟರು. ಒಂದು ಶತಮಾನ ಲಂಗ ಗಿಡ್ಡವಾಯಿತೆಂದು ಬೈದವರು, ಇನ್ನೊಂದು ಶತಮಾನದಲ್ಲಿ ಲಂಗವೇ ಬೇಕೆಂದು ಹಟ ಹಿಡಿದರು. ಲಿನ್ ಡಾನ್ ಚಡ್ಡಿಯ ಉದ್ದವನ್ನು ಯಾರಾದರೂ ಅಳೆದದ್ದುಂಟೇ?

ಸಾಮರ್ಥ್ಯದ ಮಾತಾದರೆ ಆಸ್ಟ್ರೇಲಿಯಾದ ಹೆದರ್ ಮೆಕೇ ಒಬ್ಬರೇ ಸಾಕು. ಸ್ಕ್ವಾಷ್ ಆಟದಲ್ಲಿ 1962ರಿಂದ 1977ರವರೆಗೆ ಸತತ ಹದಿನಾರು ವರ್ಷ ಬ್ರಿಟಿಷ್ ಓಪನ್ ಗೆದ್ದರು. ಆ ಇಡೀ ಕಾಲದಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. 1968ರ ಫೈನಲ್‌ನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಕೊಡದೆ 9-0, 9-0, 9-0ರಿಂದ ಗೆದ್ದರು. ಆಮೇಲೆ ಕೆನಡಾದಲ್ಲಿ ನೆಲೆಸಿದವರು ರ‍್ಯಾಕೆಟ್‌ಬಾಲ್ ಎಂಬ ಬೇರೆಯೇ ಆಟಕ್ಕೆ ಕೈಹಾಕಿದರು. ಇದು 1950ರಲ್ಲಿ ಅಮೆರಿಕಾದಲ್ಲಿ ಹುಟ್ಟಿದ ಆಟ. ನಾಲ್ಕು ಗೋಡೆಯ ಮುಚ್ಚಿದ ಕೋಣೆ, ಗಿಡ್ಡ ಹಿಡಿಯ ರ‍್ಯಾಕೆಟ್ಟು, ಪುಟಿಯುವ ರಬ್ಬರ್ ಚೆಂಡು, ತಾರಸಿಗೆ ಬಡಿದರೂ ಸರಿ. ಆ ಹೊಸ ಆಟದಲ್ಲಿ, ತಮಗಿಂತ ಎಷ್ಟೋ ಕಿರಿಯರ ಎದುರು, 1980, 1981 ಮತ್ತು 1984ರಲ್ಲಿ ಅಮೆರಿಕಾದ ವೃತ್ತಿಪರ ಚಾಂಪಿಯನ್ ಆದರು. ಕೊನೆಯ ಸಲ ಗೆದ್ದಾಗ ವಯಸ್ಸು ನಲವತ್ತು ದಾಟಿತ್ತು. ಅಲ್ಲಿಯೂ ಗಂಡಸರು ಮಾರ್ಟಿ ಹೋಗನ್ ಮೇಲೋ ಕೇನ್ ವಾಸೆಲೆಂಚುಕ್ ಮೇಲೋ ಎಂದು ವಾದ ಮಾಡುತ್ತಾರಂತೆ. ಮೆಕ್ಸಿಕೋದ ಪಾವೊಲಾ ಲೊಂಗೋರಿಯಾ ಸತತ 152 ಪಂದ್ಯ ಗೆದ್ದವರು. ಆ ಮುಚ್ಚಿದ ಕೋಣೆಯೊಳಗೆ ಮೆಕೇ ಮತ್ತು ಲೊಂಗೋರಿಯಾರನ್ನು ಬಿಟ್ಟು ಬಾಗಿಲು ಹಾಕಿದರೆ ಅದಕ್ಕಿಂತ ದೊಡ್ಡ ಪಂದ್ಯ ಯಾವುದು?

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಅಂಕಣವಿದೆ. ಮಕ್ಕಳದು. 1914ರಲ್ಲಿ ಚೇಂಬರ್ಸ್ ಗೆದ್ದ ಮೇಲೆ ತಾಯಿಯಾದ ಇನ್ನೊಬ್ಬ ಹೆಣ್ಣುಮಗಳು ವಿಂಬಲ್ಡನ್ ಸಿಂಗಲ್ಸ್ ಗೆಲ್ಲಲು 66 ವರ್ಷ ಬೇಕಾಯಿತು. 1980ರಲ್ಲಿ ಇವಾನ್ ಗೂಲಗಾಂಗ್ ಗೆದ್ದರು. ಆ 66 ವರ್ಷದಲ್ಲಿ ವಿಂಬಲ್ಡನ್ ಗೆದ್ದ ಗಂಡಸರಲ್ಲಿ ತಂದೆಯಾದವರೆಷ್ಟು ಎಂದು ಎಣಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಅದು ಸುದ್ದಿಯೇ ಅಲ್ಲ. ಸೆರೆನಾ ವಿಲಿಯಮ್ಸ್ 2017ರಲ್ಲಿ ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡೇ ಆಸ್ಟ್ರೇಲಿಯನ್ ಓಪನ್ ಗೆದ್ದರು. ಸಿಸೇರಿಯನ್ ಆಗಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ, ಸಾವಿನ ಹತ್ತಿರಕ್ಕೆ ಹೋಗಿ ಬಂದರು. ಮರುವರ್ಷ ಫ್ರೆಂಚ್ ಓಪನ್‌ಗೆ ಬಂದಾಗ ಒಂದು ಕಾಲದ ನಂಬರ್ ಒನ್‌ನ ಸ್ಥಾನ 450ರ ಆಸುಪಾಸಿಗೆ ಇಳಿದಿತ್ತು. ಹೆತ್ತದ್ದಕ್ಕೆ ದಂಡ! ಆಮೇಲೆ ಗಲಾಟೆಯಾಗಿ, 2019ರಿಂದ ನಿಯಮ ಸಡಿಲಿಸಿದರು.

ಮೈದುನ ಇಷ್ಟನ್ನೂ ಕೇಳಿ, ''ಹಾಗಾದರೆ ನೀವೇ ಒಂದು ಪಂದ್ಯ ಆಡಿಸಿ ನೋಡೋಣ'' ಎಂದ. ಆಡಿಸಿದೆ. 1919ರ ಚೇಂಬರ್ಸ್ ಮತ್ತು 2018ರ ಸೆರೆನಾ. ಒಬ್ಬರಿಗೆ 40, ಒಬ್ಬರಿಗೆ 36. ಸೆರೆನಾ ಹೆತ್ತ ಹತ್ತೇ ತಿಂಗಳಿಗೆ ವಿಂಬಲ್ಡನ್ ಫೈನಲ್ ಆಡಿ ಸೋತವರು. ಇಬ್ಬರೂ ತಾಯಂದಿರು, ಇಬ್ಬರೂ ಆ ವರ್ಷ ವಿಂಬಲ್ಡನ್ನಿನ ಹುಲ್ಲಿನ ಮೇಲೆ ಕೊನೆಯ ಮೆಟ್ಟಿಲಲ್ಲಿ ಎಡವಿದವರು. ಮೊದಲ ಸೆಟ್‌ನಲ್ಲಿ ಇಬ್ಬರಿಗೂ 1919ರ ಲಂಗ, ಮರದ ರ‍್ಯಾಕೆಟ್ಟು. ಎರಡನೆಯದರಲ್ಲಿ ಇಬ್ಬರಿಗೂ 2018ರದ್ದು. ಮೂರನೆಯದಕ್ಕೆ ಈಗಿನ ಉಡುಪು, ಆಗಿನ ಮರದ ರ‍್ಯಾಕೆಟ್ಟು, ಟೈಬ್ರೇಕ್ ಇಲ್ಲ.

ಮೊದಲ ಸೆಟ್ ಚೇಂಬರ್ಸ್‌ಗೆ ಎಂದೆ, ಯಾರೂ ತಕರಾರು ಮಾಡಲಿಲ್ಲ. ಎರಡನೆಯದು ಸೆರೆನಾಗೆ, ಅದೂ ಬೇಗ. ಮೂರನೆಯದರಲ್ಲಿ 7-7ರವರೆಗೆ ನಾನೇ ತಂದೆ, ಅಲ್ಲಿ ಮನೆಯೇ ಇಬ್ಭಾಗವಾಯಿತು. ಮೈದುನ, ನನ್ನ ಮಗಳು ಸೆರೆನಾ ಪಕ್ಷ. ನಮ್ಮವರು ಅಂಪೈರ್ ಆಗಿ ತಪ್ಪಿಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರು, ಜನ್ಮದಲ್ಲಿ ಒಂದು ಟೆನಿಸ್ ಪಂದ್ಯ ಪೂರ್ತಿ ನೋಡಿದವರಲ್ಲ, ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. ''ಆ ನಲವತ್ತರವಳು ಆಡುವಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರಂತೆ?''

ನನಗೆ ಗೊತ್ತಿರಲಿಲ್ಲ. ಹಾಗೆಂದೆ.

''ಹಾಗಾದರೆ ಅವಳಿಗೇ ಕೊಡು'' ಎಂದು ಮತ್ತೆ ಬತ್ತಿ ಹೊಸೆಯತೊಡಗಿದರು.