ಅರ ಹಿಡಿಯುವ ಮುನ್ನ

1977ರಲ್ಲಿ ಶಿಕಾಗೊ ಕಡೆಯ ಗಾಟ್‌ಲೀಬ್ ಕಂಪನಿ ‘ಕ್ಲಿಯೋಪಾತ್ರ’ ಎಂಬ ಪಿನ್‌ಬಾಲ್ ಯಂತ್ರವನ್ನು ಎರಡು ಬಗೆಯಾಗಿ ಮಾಡಿ ಮಾರಿತು. ಆಟ ಹೆಚ್ಚುಕಡಿಮೆ ಒಂದೇ. ಒಂದರೊಳಗೆ ಚಿಪ್ಪು ಕೂರಿಸಿದ ಬೋರ್ಡುಗಳು. ಇನ್ನೊಂದರೊಳಗೆ, ಚೆಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಮೊದಲ ಸಲ ಕಂಡ 1947ರ ‘ಹಂಪ್ಟಿ ಡಂಪ್ಟಿ’ಯ ಕಾಲದಿಂದಲೂ ನಡೆದುಬಂದ ಸರಂಜಾಮು: ರಿಲೇಗಳು, ಹಲ್ಲುಚಕ್ರಗಳು, ಸುತ್ತುವ ಮೋಟಾರು, ಮಾರುಗಟ್ಟಲೆ ತಂತಿ. ಬೋರ್ಡಿನ ಯಂತ್ರಗಳಲ್ಲಿ ಬ್ಯಾಟರಿ ಸೋರಿ ಬೋರ್ಡು ತಿಂದುಹೋಗಿ ಮೂಲೆ ಸೇರಿದವು ಎಷ್ಟೋ. ರಿಲೇಯ ಯಂತ್ರವೂ ಕೆಡುತ್ತದೆ, ಆದರೆ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಕೆಡುತ್ತದೆ. ಅದಕ್ಕೇ ಅಮೆರಿಕದ ಹವ್ಯಾಸಿಗಳು ಇಂಥವನ್ನು ಯಾರದೋ ಮನೆಯ ನೆಲಮಾಳಿಗೆಯಿಂದ ಎತ್ತಿ ತಂದು ಮತ್ತೆ ಓಡಿಸುತ್ತಾರೆ. ಅವರ ನಡುವೆ ಮುಗಿಯದ ತಗಾದೆಯೊಂದಿದೆ. ವರ್ಷಗಟ್ಟಲೆ ಮಲಗಿದ್ದ ಯಂತ್ರದ ರಿಲೇಗಳನ್ನೆಲ್ಲ ಒಂದು ಕಡೆಯಿಂದ ಉಜ್ಜಿ, ಬಾಗಿಸಿ, ಹದಕ್ಕೆ ತರಬೇಕೆ? ಇಲ್ಲ, ಕೆಟ್ಟದ್ದನ್ನು ಹುಡುಕಿ ಅದೊಂದನ್ನೇ ಮುಟ್ಟಬೇಕೆ?

ರಿಲೇಯಲ್ಲಿ ಗುಟ್ಟೇನೂ ಇಲ್ಲ. ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯ ಕಾಯಿಲ್. ಕರೆಂಟು ಹರಿದಾಗ ಎದುರಿನ ತಗಡು ಟಕ್ಕೆಂದು ಅಂಟಿಕೊಂಡು, ಪಕ್ಕದಲ್ಲಿ ಕಟ್ಟಿಟ್ಟ ತೆಳುವಾದ ಲೋಹದ ಪಟ್ಟಿಗಳನ್ನು ತಳ್ಳುತ್ತದೆ. ಪಟ್ಟಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿಯ ಬೊಟ್ಟು. ಕೆಲವು ಜೋಡಿಗಳು ರಿಲೇ ಎಳೆದಾಗ ಕೂಡುತ್ತವೆ, ಕೆಲವು ಎಳೆದಾಗ ಬಿಡುತ್ತವೆ. ಮೂರು ಪಟ್ಟಿಯವೂ ಇವೆ. ಅವುಗಳಲ್ಲಿ ನಡುವಿನದು ಒಂದು ಕಡೆ ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದು ಕಡೆ ಹಿಡಿಯಬೇಕು. ಬಿಡುವ ಮುನ್ನವೇ ಹಿಡಿಯಿತೋ, ಕರೆಂಟು ತನಗೆ ಸಲ್ಲದ ದಾರಿಗೆ ನುಗ್ಗುತ್ತದೆ. ಫ್ಯೂಸು ಹೋಗಬಹುದು, ಆಡದ ಆಟಕ್ಕೆ ಅಂಕ ಬೀಳಬಹುದು.

ಒಂದು ಗುರಿಗೆ 500 ಅಂಕ ಎನ್ನೋಣ. ಚೆಂಡು ತಾಗಿ ಸಿಡಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಷ್ಟರೊಳಗೆ 500ರ ರಿಲೇ ಎಳೆದುಕೊಂಡು, ತನ್ನದೇ ಒಂದು ಜೋಡಿ ಪಟ್ಟಿಯ ಮೂಲಕ ತನಗೇ ಕರೆಂಟು ಹಾಯಿಸಿಕೊಂಡು ಕಚ್ಚಿ ನಿಲ್ಲುತ್ತದೆ. ಎರಡನೇ ಜೋಡಿ ಸ್ಕೋರ್ ಮೋಟಾರನ್ನು ಹೊರಡಿಸುತ್ತದೆ. ಗಾಟ್‌ಲೀಬ್ ಯಂತ್ರದಲ್ಲಿ ಈ ಮೋಟಾರು ಮೂರನೇ ಒಂದು ಸುತ್ತು ತಿರುಗುವಷ್ಟರಲ್ಲಿ ಐದು ಮಿಡಿತ ಕೊಡುತ್ತದೆ. ಮೂರನೇ ಜೋಡಿ ಆ ಐದನ್ನೂ 100ರ ರಿಲೇಗೆ ದಾಟಿಸುತ್ತದೆ. ಐದು ಸಲ ಗಂಟೆ, ಐನೂರು ಅಂಕ. ಕೊನೆಗೆ ಮೋಟಾರಿನದೇ ಒಂದು ಸ್ವಿಚ್ಚು ತೆರೆದು 500ರ ರಿಲೇಯನ್ನು ಬಿಡಿಸುತ್ತದೆ. ಈಗ ಮೊದಲ ಜೋಡಿಗೆ ಕಿಲುಬು ಹಿಡಿದಿದೆ ಎಂದುಕೊಳ್ಳಿ. ರಿಲೇ ಎಳೆದ ಕೂಡಲೇ ಬಿಟ್ಟುಬಿಡುತ್ತದೆ, ಮೋಟಾರು ಬರಿದೇ ತಿರುಗಿ ನಿಲ್ಲುತ್ತದೆ, ಅಂಕವಿಲ್ಲ. ಬಿಡಿಸುವ ಸ್ವಿಚ್ಚೇ ತೆರೆಯದಿದ್ದರೆ ಮೋಟಾರು ನಿಲ್ಲುವುದೇ ಇಲ್ಲ, ಅಂಕದ ಸುರಿಮಳೆ.

ಇಂಥ ಜೋಡಿಗಳು ಒಂದು ಯಂತ್ರದಲ್ಲಿ ನೂರಾರು. ಎಲ್ಲವನ್ನೂ ಮಾಡಿ ಮುಗಿಸಿ ಎನ್ನುವವರ ವಾದ ಹುಟ್ಟುವುದೇ ಇಲ್ಲಿ. ಪೂರ್ತಿ ಸತ್ತ ಸ್ವಿಚ್ಚನ್ನು ಹಿಡಿಯುವುದು ಸುಲಭ. ಹತ್ತು ಸಲ ಸರಿಯಿದ್ದು ಹನ್ನೊಂದನೇ ಸಲ ಕೈಕೊಡುವುದನ್ನು ಹಿಡಿಯುವುದೇ ಕಷ್ಟ. ಹಾಗಿರುವಾಗ ಇವತ್ತು ಒಂದು, ನಾಳೆ ಇನ್ನೊಂದು ಎಂದು ಬೆನ್ನಟ್ಟುವ ಬದಲು ಎಲ್ಲಕ್ಕೂ ಒಮ್ಮೆ ಕೈಯಾಡಿಸಿದರೆ ಆಯಿತಲ್ಲ ಎನ್ನುತ್ತಾರೆ. ಅವರ ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು. ಪಟ್ಟಿಗಳ ನಡುವೆ ಕರೆಂಟು ದಾಟದಂತೆ ಇಟ್ಟ ಬಿಲ್ಲೆಗಳು ಕಾಲ ಕಳೆದಂತೆ ಒಣಗಿ ಕುಗ್ಗುತ್ತವೆ, ಕಟ್ಟು ಸಡಿಲಾಗುತ್ತದೆ. ಸಡಿಲ ಕಟ್ಟಿನಲ್ಲಿ ಪಟ್ಟಿಯನ್ನು ಎಷ್ಟು ಬಾಗಿಸಿದರೂ ಹದ ನಿಲ್ಲದು. ಈ ಸಡಿಲಿಕೆ ಒಂದು ರಿಲೇಗೆ ಬಂದಿದ್ದರೆ ಅದೇ ವಯಸ್ಸಿನ ಉಳಿದವಕ್ಕೂ ಬಂದಿರುತ್ತದೆ. ಲಾಸ್ ವೇಗಸ್‌ನ ಪಿನ್‌ಬಾಲ್ ಹಾಲ್ ಆಫ್ ಫೇಮ್, ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿರುವ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂ ಇಂಥ ಜಾಗಗಳಲ್ಲಿ ಬಂದವರೆಲ್ಲ ಆಡುತ್ತಾರೆ. ಅಲ್ಲಿ ‘ಕೆಟ್ಟಾಗ ನೋಡಿಕೊಳ್ಳೋಣ’ ಎಂದರೆ ನಡೆಯುವುದು ಕಷ್ಟ.

ಎದುರು ಪಕ್ಷದ್ದು, ಬಾರುಗಳಲ್ಲಿಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಹಳೇ ಮೆಕ್ಯಾನಿಕ್ಕಿನ ಲೆಕ್ಕಾಚಾರ. ನಕ್ಷೆ ಬಿಚ್ಚು, ಯಾವ ಜೋಡಿಯಲ್ಲಿ ಕರೆಂಟು ದಾಟುತ್ತಿಲ್ಲ ಎಂದು ಒಂದು ತುಂಡು ತಂತಿಯಿಂದ ನೋಡು, ಅದನ್ನು ಸರಿಮಾಡು, ಮುಚ್ಚಳ ಹಾಕು. ಉಳಿದದ್ದನ್ನು ಕೆದಕಿದರೆ ಕೆರೆದು ಹುಣ್ಣು ಮಾಡಿಕೊಂಡಂತೆ ಎನ್ನುತ್ತಾರೆ ಇವರು, ಅದರಲ್ಲಿ ಸುಳ್ಳಿಲ್ಲ. ಒಂದು ಪಟ್ಟಿಯನ್ನು ಬಾಗಿಸಿದರೆ ಅದು ತಳ್ಳುವ ಮುಂದಿನ ಪಟ್ಟಿಯ ಹೊತ್ತೂ ಬದಲಾಗುತ್ತದೆ. ಒಂದು ಕಟ್ಟಿನಲ್ಲಿ ನಾಲ್ಕೈದು ಜೋಡಿ ಇದ್ದರೆ ನಾಲ್ಕೈದೂ ಒಂದಕ್ಕೊಂದು ಹೊಣೆ. ಪಟ್ಟಿಗೆ ಮತ್ತೆ ಮತ್ತೆ ಬಾಗುವ ತಾಳ್ಮೆಯೂ ಇಲ್ಲ. ಐವತ್ತು ವರ್ಷದ ಬೆಸುಗೆಗೆ ಕೈ ತಾಗಿದರೆ ತಂತಿ ಕಿತ್ತು ಬರುತ್ತದೆ, ಬಣ್ಣ ಮಾಸಿದ ಆ ತಂತಿ ಎಲ್ಲಿಂದ ಬಂತೆಂದು ಹುಡುಕುವುದು ಬೇರೆ ತಲೆನೋವು. ಎಲ್ಲಕ್ಕಿಂತ ಮುಖ್ಯ, ಒಂದು ತೊಂದರೆಯಿದ್ದ ಯಂತ್ರದಲ್ಲಿ ಇನ್ನೂರು ಕಡೆ ಕೈಯಾಡಿಸಿ ಆಮೇಲೆ ಮೂರು ಹೊಸ ತೊಂದರೆ ಕಂಡರೆ, ಹುಡುಕಬೇಕಾದ ಜಾಗ ಇನ್ನೂರು.

ಇಲ್ಲಿ ಬೆಂಗಳೂರಿನ ದೂರವಾಣಿನಗರ ನೆನಪಾಗುತ್ತದೆ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಕಾರ್ಖಾನೆಯಲ್ಲಿ ದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಸ್ಟ್ರೌಜರ್ ಎಂಬ ಯಾಂತ್ರಿಕ ಸ್ವಿಚ್ಚಿಂಗ್ ಉಪಕರಣ ತಯಾರಾಗುತ್ತಿತ್ತು, ಅದರ ಜೀವಾಳವೂ ಇದೇ ಪಟ್ಟಿಕಟ್ಟಿನ ರಿಲೇ. ಆದರೆ ಟೆಲಿಫೋನ್ ರಿಲೇಯ ಹದ ಅಳತೆಗೆ ಸಿಕ್ಕಿತ್ತು: ಪಟ್ಟಿಯ ಬಿಗಿ ಇಷ್ಟು ಗ್ರಾಂ, ಬೊಟ್ಟುಗಳ ನಡುವಿನ ಸಂದು ಇಷ್ಟು, ಅಳೆಯಲು ಗೇಜುಗಳು. ಪಿನ್‌ಬಾಲ್ ಯಂತ್ರದ ಕೈಪಿಡಿಗಳಲ್ಲಿ ಅಷ್ಟು ವಿವರ ವಿರಳ. ಹಾಗಾಗಿ ‘ಎಲ್ಲವನ್ನೂ ಹದಕ್ಕೆ ತಂದೆ’ ಎಂದು ಹವ್ಯಾಸಿ ಹೇಳಿದರೆ, ಬಹುಪಾಲು ಅದು ಅವನ ಬೆರಳಿಗೆ ತೋಚಿದ ಹದ. ಪಳಗಿದ ಬೆರಳಾದರೆ ಚಿಂತೆಯಿಲ್ಲ. ಮೊದಲ ಯಂತ್ರ ಬಿಚ್ಚಿದವನ ಬೆರಳಾದರೆ, ಪಿನ್‌ಬಾಲ್ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಿದ ಹೆಂಗಸರ ಕೈಯ ಹದವೇ ಮೇಲು. ಪೂರ್ತಿ ದುರಸ್ತಿಯ ವಾದಕ್ಕೆ ಬಲವಾದ ಪೆಟ್ಟು ಬೀಳುವುದು ಇಲ್ಲಿ ಎಂದು ನನಗನ್ನಿಸುತ್ತದೆ, ಆ ಪಕ್ಷದವರು ಇದಕ್ಕೆ ನೇರ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಬೊಟ್ಟುಗಳನ್ನು ಉಜ್ಜುವ ಅರದ ವಿಷಯಕ್ಕೆ ಬಂದರೆ ಎರಡೂ ಕಡೆಯವರು ಒಂದಿಷ್ಟು ಅತಿಗೆ ಹೋಗುತ್ತಾರೆ. ಅರ ಮುಟ್ಟಲೇಬಾರದು ಎನ್ನುವವರಿಗೆ ಕಾರಣವಿದೆ. ಬೆಳ್ಳಿಯ ಬೊಟ್ಟಿನ ಮೈ ಉಬ್ಬು, ಮೆದು. ಅರದಿಂದ ಎಳೆದಷ್ಟೂ ಬೆಳ್ಳಿ ಹೋಗಿ ಚಪ್ಪಟೆಯಾಗುತ್ತದೆ. ಅದರ ಮೇಲಿನ ಕಪ್ಪು ತೆಳು ಪೊರೆ. ಹದವಾಗಿ ಹೊಂದಿಸಿದ ಜೋಡಿ ಕೂಡುವಾಗ ಒಂದರ ಮೇಲೊಂದು ತುಸು ಜಾರುತ್ತದೆ, ಆ ಜಾರುವಿಕೆಯೇ ಪೊರೆಯನ್ನು ಕೆರೆದುಹಾಕುತ್ತದೆ. ಅಷ್ಟಕ್ಕೂ ಹೋಗದಿದ್ದರೆ ಜೋಡಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ, ನಡುವೆ ಗಟ್ಟಿ ವಿಸಿಟಿಂಗ್ ಕಾರ್ಡಿನ ಅಂಚು ತೂರಿಸಿ ಎರಡು ಸಲ ಎಳೆದರೆ ಸಾಕು. ಆದರೆ ಫ್ಲಿಪ್ಪರ್ ಕಾಯಿಲ್‌ನಂಥ ಹೆಚ್ಚು ಕರೆಂಟಿನ ಕಡೆ ಟಂಗ್‌ಸ್ಟನ್ ಬೊಟ್ಟುಗಳಿರುತ್ತವೆ. ಆ ಲೋಹ ಗಟ್ಟಿ, ಅದರ ಮೇಲೆ ಕೂಡುವ ಪೊರೆ ಕರೆಂಟನ್ನು ತಡೆಯುತ್ತದೆ, ಕಿಡಿಯ ಹೊಡೆತಕ್ಕೆ ಗುಳಿಯೂ ಬಿದ್ದಿರುತ್ತದೆ. ಅಲ್ಲಿ ಕಾಗದ ಎಳೆಯುವುದು ವ್ಯರ್ಥ, ಅರವೇ ಬೇಕು. ಹೀಗಾಗಿ ಅರ ಹಿಡಿಯಬೇಕೋ ಬೇಡವೋ ಎನ್ನುವುದು ಪಕ್ಷದ ಪ್ರಶ್ನೆಯಲ್ಲ, ಲೋಹದ ಪ್ರಶ್ನೆ. ಮರಳುಕಾಗದ ಮಾತ್ರ ಎಲ್ಲಿಗೂ ಬೇಡ, ಅದರ ಹರಳು ಉದುರಿ ಬೊಟ್ಟಿನ ನಡುವೆ ಕೂರುತ್ತದೆ. ರಿಲೇ ಪಟ್ಟಿಗಳ ಮೇಲೆ ಎಣ್ಣೆಯ ಸ್ಪ್ರೇ ಹೊಡೆಯಬಾರದು ಎನ್ನುವಲ್ಲಿ ಇಬ್ಬರೂ ಒಂದಾಗುತ್ತಾರೆ: ಎಣ್ಣೆಗೆ ಧೂಳು ಅಂಟುತ್ತದೆ, ಕಿಡಿ ಹಾರುವ ಜಾಗದಲ್ಲಿ ಉರಿಯುವ ದ್ರವ ಬೇರೆ.

ಗುಂಯ್‌ಗುಡುವ ರಿಲೇಯ ವಿಷಯವೂ ಇದೆ. ಈ ಯಂತ್ರಗಳಲ್ಲಿ ರಿಲೇಗೆ ಹರಿಯುವುದು ಸಾಮಾನ್ಯವಾಗಿ ಎಸಿ, ಸ್ವಲ್ಪ ಗುಂಯ್‌ಕಾರ ಸಹಜ. ತಿರುಳಿನ ತುದಿಯ ತಾಮ್ರದ ಬಳೆ ಬಿರುಕುಬಿಟ್ಟಿದ್ದರೆ ಅದು ಜೋರಾಗುತ್ತದೆ. ಪಟ್ಟಿ ಬಾಗಿಸುತ್ತ ಕೂತವನಿಗೆ ಆ ಬಿರುಕು ಎಂದಿಗೂ ಸಿಗುವುದಿಲ್ಲ.

ನನ್ನ ಮಟ್ಟಿಗೆ ಒಲವು ಕಡಿಮೆ ಮುಟ್ಟುವವರ ಕಡೆಗೇ, ಆದರೆ ಒಂದೆರಡು ಕೆಲಸವನ್ನು ಎದುರು ಪಕ್ಷದಿಂದ ಕಡ ತರುತ್ತೇನೆ. ಪ್ಲಗ್ ಕಿತ್ತಿಟ್ಟು ಎಲ್ಲ ರಿಲೇಗಳ ಕಟ್ಟಿನ ಸ್ಕ್ರೂಗಳನ್ನೂ ಬಿಗಿ ಮಾಡುವುದರಿಂದ ಲಾಭವೇ ಹೆಚ್ಚು. ಬಿಗಿ ಮಾಡಿದ ಮೇಲೆ ಹದ ತುಸು ಸರಿಯಬಹುದು, ಹಾಗಾದ ಜೋಡಿ ರಿಲೇ ತಗಡನ್ನು ಬೆರಳಲ್ಲಿ ಒತ್ತಿ ನೋಡಿದರೆ ಕಾಣುತ್ತದೆ. ಹೆಜ್ಜೆ ಹೆಜ್ಜೆಯಾಗಿ ಸರಿಯುವ ಸ್ಟೆಪರ್‌ಗಳನ್ನು ಪೂರ್ತಿ ಬಿಚ್ಚಿ ತೊಳೆಯಲೇಬೇಕು. ಅವುಗಳಲ್ಲಿನ ಹಳೇ ಗ್ರೀಸು ಗೋಂದಾಗಿರುತ್ತದೆ, ಅದಕ್ಕೆ ಒಂದೊಂದೇ ಹುಡುಕುವ ವಿಧಾನ ಒಗ್ಗದು. ಬೆಳ್ಳಿಯ ಜೋಡಿಗಳನ್ನು ಮಾತ್ರ ಅವು ತಪ್ಪಿದಾಗಲಷ್ಟೇ ಮುಟ್ಟುವುದು. ಸಾರ್ವಜನಿಕರು ದಿನವಿಡೀ ಆಡುವ ಜಾಗದಲ್ಲಿ ಈ ಲೆಕ್ಕಾಚಾರ ಬದಲಾಗುತ್ತದೆ, ಅಲ್ಲಿ ಕೈ ಪಳಗಿದ ಮೆಕ್ಯಾನಿಕ್ ಇದ್ದರೆ ಎಲ್ಲವನ್ನೂ ಒಮ್ಮೆ ನೋಡಿಬಿಡುವುದೇ ಸರಿ. ಸ್ಕೋರ್ ಮೋಟಾರಿನ ಸ್ವಿಚ್ಚುಗಳ ವಿಷಯದಲ್ಲಿ ಮಾತ್ರ ನನಗೆ ಎರಡೂ ಪಕ್ಷದ ಮೇಲೆ ತಕರಾರಿದೆ. ಅಲ್ಲಿ ಒಂದು ಸ್ವಿಚ್ಚಿನ ಹೊತ್ತು ಕೂದಲೆಳೆಯಷ್ಟು ಬದಲಾದರೂ ಹತ್ತು ರಿಲೇಗಳ ನಡತೆ ಬದಲಾಗುತ್ತದೆ, ಆದರೂ ಅದರತ್ತ ಎಲ್ಲರೂ ಕೊನೆಗೇ ಹೋಗುತ್ತಾರೆ. ಐದು ಮಿಡಿತದ ಬದಲು ನಾಲ್ಕೇ ಬಂದರೆ ರಿಲೇಯ ಬಳಿ ಕೂರುವ ಮೊದಲು ಮೋಟಾರನ್ನು ಕೈಯಿಂದ ನಿಧಾನ ತಿರುಗಿಸಿ, ಮಿಡಿತ ಕೊಡುವ ಆ ಒಂದು ಸ್ವಿಚ್ಚು ಮೋಟಾರಿನ ಚಕ್ರದ ಪ್ರತಿ ಉಬ್ಬಿಗೂ ಕೂಡಿ ಬಿಡುತ್ತಿದೆಯೇ ಎಂದು ಎಣಿಸಬೇಕು.